ಸಾಕ್ಷಿ ಕಾಗದದ ಎರಡು ಹೊತ್ತು

ಇಲ್ಲದ್ದು ಕಣ್ಣಿಗೆ ಕಂಡಿತು ಎನ್ನುವವರನ್ನು ನಾನು ಯಾವತ್ತೂ ನಂಬಿದವಳಲ್ಲ. ಗಂಡಸಾದರೆ ಎಷ್ಟು ಕುಡಿದಿದ್ದೆ ಎಂದು ಕೇಳುತ್ತಿದ್ದೆ, ಹೆಂಗಸಾದರೆ ಬೆಳಿಗ್ಗೆ ಏನಾದರೂ ತಿಂದಿದ್ದೆಯಾ ಎಂದು. ಕಡಲ ಬದಿಯ ಕೋಡಿಯಲ್ಲಿ ನಲವತ್ತು ವರ್ಷ ಮೀನು ಮಾರಿದವಳಿಗೆ ತನ್ನ ಕಣ್ಣಿನ ಮೇಲೆ ಭರವಸೆ ಇರುತ್ತದೆ. ನೀವೂ ನನ್ನನ್ನು ಹಾಗೆಯೇ ಕೇಳಿ, ಬೇಸರವಿಲ್ಲ. ಆ ದಿನ ನಾನು ಹೊಟ್ಟೆ ತುಂಬ ಗಂಜಿ ಉಂಡಿದ್ದೆ.

ಇದಾಗಿ ಎರಡು ವರ್ಷವಾಯಿತು. ನನ್ನ ಸೊಸೆ ಪ್ರೇಮ ಮೀನಿನ ಟೆಂಪೋ ಓಡಿಸುತ್ತಾಳೆ. ನಲವತ್ತು ಹತ್ತಿರ ಬಂದ ಮೇಲೆ ಅವಳಿಗೆ ಬೈಕಿನ ಹುಚ್ಚು ಹಿಡಿಯಿತು. ಸುಮ್ಮನೆ ತಿರುಗುವ ಹುಚ್ಚಲ್ಲ. ಒಂದು ಹಗಲು ಒಂದು ರಾತ್ರಿಯೊಳಗೆ ಸಾವಿರದ ಆರುನೂರು ಕಿಲೋಮೀಟರ್ ಓಡಿಸಿ ಹೊರಟಲ್ಲಿಗೇ ಬರಬೇಕು. ದಾರಿಯಲ್ಲಿ ಪೆಟ್ರೋಲ್ ಹಾಕಿಸಿದ ಚೀಟಿಗಳನ್ನೆಲ್ಲ ಇಟ್ಟುಕೊಳ್ಳಬೇಕು. ಕೊನೆಗೆ, ಅವಳು ಬಂದದ್ದನ್ನು ಕಣ್ಣಾರೆ ಕಂಡವರೊಬ್ಬರು ಹೊತ್ತು ಬರೆದು ಸಹಿ ಹಾಕಬೇಕು. ಆ ಕಾಗದವಿಲ್ಲದಿದ್ದರೆ ಇಂಥ ಸವಾರಿ ನಡೆಸಿ ಸರ್ಟಿಫಿಕೇಟು ಕೊಡುವವರು ಒಪ್ಪುವುದಿಲ್ಲ, ಓಡಿಸಿದ್ದೆಲ್ಲ ದಂಡ.

ಮೊದಲ ಸಲ ಹಾಗೆಯೇ ಆಯಿತು. ಸಾಕ್ಷಿ ಅವಳ ಗಂಡ, ಅಂದರೆ ನನ್ನ ಮಗ. ಅವಳು ಹೊತ್ತಿಗೆ ಸರಿಯಾಗಿ ಬಂದಳು. ಇವನು ಕಾಗದವನ್ನು ಕಿಸೆಯಲ್ಲಿಟ್ಟುಕೊಂಡು ಊಟಕ್ಕೆ ಮನೆಗೆ ಬಂದವನು ಗೊರಕೆ ಹೊಡೆಯುತ್ತಿದ್ದ. ಕೇರಿಯವರು ಒಂದು ತಿಂಗಳು ನಕ್ಕರು. ಎರಡನೇ ಸಲ ಹೊರಡುವಾಗ ಅವಳು ಕಾಗದ ತಂದು ನನ್ನ ಕೈಗೆ ಕೊಟ್ಟಳು.

"ಅತ್ತೆ, ಈ ಸಲ ನೀವೇ ಆಯ್ಕ್. ನಿಮ್ ಮಗನ್ ನಂಬುಕಾತಿಲ್ಲೆ."

"ನಂಗ್ ಇಂಗ್ಲೀಷ್ ಓದುಕ್ ಬತ್ತಿಲ್ಲೆ ಮರಾಯ್ತಿ."

"ಓದುದ್ ಬ್ಯಾಡ. ಗಡಿಯಾರ ಕಂಡ್ ಹೊತ್ತ್ ಬರ್ದ್ ಸಹಿ ಹಾಕಿ, ಸಾಕ್."

"ಹಾಕ್ತೆ. ಆರೆ ಸುಳ್ಳ್ ಹೊತ್ತ್ ಬರಿತಿಲ್ಲೆ ಕಾಣ್. ಒಂದ್ ನಿಮಿಷ ತಡ ಆರೂ ತಡವೇ."

ಕುಂಭಾಶಿಯಲ್ಲಿ ಹೆದ್ದಾರಿ ಪಕ್ಕದ ಪೆಟ್ರೋಲ್ ಬಂಕಿನಿಂದ ಮಧ್ಯಾಹ್ನ ಎರಡಕ್ಕೆ ಹೊರಟಳು. ಪೂನಾ ದಾಟಿ ತಿರುಗಿ ಮರುದಿನ ಎರಡರೊಳಗೆ ಅಲ್ಲಿಗೇ ಮುಟ್ಟಬೇಕು. ನಾನು ಮರುದಿನ ಹನ್ನೊಂದಕ್ಕೇ ಹೋಗಿ ಬಂಕಿನ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಕುಳಿತೆ. ಕಣ್ಣು ಮುಚ್ಚಲಿಲ್ಲ. ಅಲ್ಲಿ ಪೆಟ್ರೋಲ್ ಹಾಕುವ ಹೆಂಗಸಿನ ಹತ್ತಿರ ಬಂಗುಡೆ ಸಾರಿಗೆ ಹುಳಿ ಎಷ್ಟು ಬೇಕೆಂದು ವಾದ ಮಾಡುತ್ತಿದ್ದೆ.

ಆಗ ಪ್ರೇಮ ಬಂದಳು. ನನ್ನ ಎದುರಿಗೇ ಬೈಕು ನಿಲ್ಲಿಸಿದಳು, ಇಳಿಯಲಿಲ್ಲ. ಹೆಲ್ಮೆಟ್ಟಿನ ಗಾಜು ಮೇಲೆತ್ತಿದ್ದಳು. ಕಣ್ಣು ತೆರೆದಿದ್ದರೂ ಏನೂ ಕಾಣದವರ ಕಣ್ಣಿನ ಹಾಗಿತ್ತು. ಗಡಿಯಾರ ನೋಡಿದೆ, ಹನ್ನೆರಡೂ ಇಪ್ಪತ್ತು. ಬರೆದೆ, ಸಹಿ ಹಾಕಿದೆ. ತಲೆ ಎತ್ತಿದರೆ ಅವಳು ಇನ್ನೂ ಬೈಕಿನ ಮೇಲೆಯೇ. ಸಿಟ್ಟು ಬಂತು.

"ಸಹಿ ಹಾಕಿ ಆಯ್ತ್. ಇಳಿ ಮರಾಯ್ತಿ! ಬದಿಗ್ ಹೋಯಿ ಮನಿಕೊ!"

ಪೆಟ್ರೋಲ್ ಹಾಕುವ ಹೆಂಗಸು ತಿರುಗಿ ನೋಡಿದಳು. "ಯಾರಿಗ್ ಬೈತ್ರಿ ಅಮ್ಮಾ?"

ಎದುರಿಗೆ ಯಾರೂ ಇರಲಿಲ್ಲ. ಬೈಕೂ ಇರಲಿಲ್ಲ. ಅಂಥ ಯಾವ ಬೈಕೂ ಬರಲೇ ಇಲ್ಲ ಎಂದಳು ಅವಳು. ಕಾಗದದ ಮೇಲೆ ನನ್ನ ಸಹಿ ಮಾತ್ರ ಇತ್ತು. ಬಾರದವಳು ಬಂದಳೆಂದು ನಾನೇ ಸುಳ್ಳು ಸಾಕ್ಷಿ ಬರೆದಿದ್ದೆ. ಸೊಸೆಗೆ ಫೋನ್ ಮಾಡಿಸಿದರೆ ಎತ್ತಲಿಲ್ಲ. ಆಮೇಲಿನ ಒಂದೂವರೆ ಗಂಟೆ ನಾನು ಹೆದ್ದಾರಿಯಿಂದ ಕಣ್ಣು ತೆಗೆಯಲಿಲ್ಲ.

ಒಂದೂ ನಲವತ್ತೆಂಟಕ್ಕೆ ಅವಳು ಬಂದಳು. ಈ ಸಲ ಮೊದಲು ಅವಳ ತೋಳು ಹಿಡಿದು ಹಿಂಡಿದೆ.

"ಅಯ್ಯೋ ಅತ್ತೆ, ನೋವಾತ್ತ್!"

ನೋವಾದರೆ ಒಳ್ಳೆಯದೇ ಎಂದುಕೊಂಡೆ. ಮೊದಲು ಬರೆದದ್ದಕ್ಕೆ ಗೀಟು ಹಾಕಿ, ಕೆಳಗೆ ಸರಿಯಾದ ಹೊತ್ತು ಬರೆದು ಸಹಿ ಹಾಕಿದೆ. ನೀರು ಕುಡಿದ ಮೇಲೆ ಅವಳು ತಾನಾಗಿಯೇ ಹೇಳಿದಳು.

"ಬೈಂದೂರ್ ಹತ್ರ ಕಣ್ಣ್ ಮುಚ್ಚಿ ಹೋಯ್ತ್ ಅತ್ತೆ. ಸಹಿ ಆಯ್ತ್, ಇಳಿ ಅಂದೇಳಿ ನಿಮ್ ಬೊಬ್ಬೆ ಕೇಂಡೆ. ಮುಟ್ಟಿದೆ ಅಂದೇಳಿ ಬದಿಗ್ ನಿಲ್ಸಿ ಇಳ್ದೆ. ಮರದ್ ಅಡಿ ಮನಿಕಂಡೆ. ಎದ್ದ್ ಕಂಡ್ರೆ ಇನ್ನೂ ಬೈಂದೂರೇ!"

ಬೈಂದೂರು ಎಂದರೆ ಬಂಕಿನಿಂದ ನಲವತ್ತು ಕಿಲೋಮೀಟರ್ ದೂರ. ಎಷ್ಟು ಹೊತ್ತಿಗೆ ಎಂದೆ. ಸವಾರಿ ಮುಗಿಯಿತೆಂದುಕೊಂಡು ಇಳಿದ ಕೂಡಲೇ ಗಡಿಯಾರ ನೋಡಿದ್ದಳಂತೆ. ಹನ್ನೆರಡೂ ಇಪ್ಪತ್ತು.

ಎರಡು ವಾರದ ಮೇಲೆ ಸವಾರಿ ನಡೆಸುವವರು ಫೋನ್ ಮಾಡಿದರು. ಗೀಟು ಹಾಕಿದ ಹೊತ್ತು ಯಾಕಿದೆ, ತಿದ್ದಿದ ಕಾಗದ ಒಪ್ಪುವುದು ಕಷ್ಟ ಎಂದರು. ಸೊಸೆ ಬಾಗಿಲಲ್ಲಿ ಉಗುರು ಕಚ್ಚುತ್ತ ನಿಂತಿದ್ದಳು. ಕೈ ತಪ್ಪಿತು ಎಂದಿದ್ದರೆ ಮುಗಿಯುತ್ತಿತ್ತೋ ಏನೋ. ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ. ಎಲ್ಲ ಕೇಳಿಕೊಂಡು ಅವರು ಒಂದೇ ಪ್ರಶ್ನೆ ಹಾಕಿದರು.

"ಹಾಗಾದರೆ ಯಾವುದು ಸರಿ ಅಮ್ಮಾ?"

"ಎರಡ್ನೇದ್. ಅದ್ ಮುಟ್ಟಿ ಕಂಡ್ ಬರ್ದದ್ದ್."

ಪೆಟ್ರೋಲ್ ಚೀಟಿಗಳೂ ಅದಕ್ಕೇ ಹೊಂದುತ್ತಿದ್ದವಂತೆ. ಒಪ್ಪಿದರು. ಪ್ರೇಮ ನನ್ನನ್ನು ಎತ್ತಿ ತಿರುಗಿಸಿದಳು, ನನ್ನ ಸೊಂಟ ಹಿಡಿದುಕೊಂಡಿತು.

ಮೊದಲನೆಯ ಹೊತ್ತಿಗೆ ನಾನು ಕಂಡದ್ದು ಯಾರನ್ನು? ಕೇರಿಯವರು ದೇವರು ಎನ್ನುತ್ತಾರೆ. ಮಗ ಬಿಸಿಲು ಎನ್ನುತ್ತಾನೆ, ನೆರಳಿನಲ್ಲಿ ಕುಳಿತವಳಿಗೆ. ನನಗೆ ಗೊತ್ತಿಲ್ಲ. ಬರುವ ತಿಂಗಳು ಪ್ರೇಮ ಇದರ ಎರಡರಷ್ಟು ದೂರ ಹೊರಡುತ್ತಾಳೆ, ಸಾಕ್ಷಿ ನಾನೇ. ನಿದ್ದೆ ಬಂದರೆ ನೀನೇ ನಿಲ್ಲಿಸಬೇಕು ಎಂದು ಮೊದಲೇ ಹೇಳಿಟ್ಟಿದ್ದೇನೆ. ನನ್ನ ಬೊಬ್ಬೆ ಬೈಂದೂರಿನವರೆಗೆ ಕೇಳಿದ್ದು ಹೌದು. ಅದರಿಂದಾಚೆಗೆ ಕೇಳುತ್ತದೋ ಇಲ್ಲವೋ, ನಾನು ಸಹಿ ಹಾಕಿ ಹೇಳಲಾರೆ.