ನುಂಗಿಕೊಂಡ ಒಂದು ಮಾತು

ಸುಳ್ಳನ್ನಂತೂ ನಾನು ಹೇಳಲಿಲ್ಲ. ಇದನ್ನು ನನಗೆ ನಾನೇ ಎಷ್ಟು ಸಲ ಹೇಳಿಕೊಂಡಿದ್ದೇನೋ. ಸಂತೆಗೆ ಹೋಗುವಾಗ, ಸಾರಿಗೆ ಒಗ್ಗರಣೆ ಹಾಕುವಾಗ, ಬೈಬಲ್ ತೆರೆದು ಕುಳಿತಾಗಂತೂ ಇನ್ನೂ ಜಾಸ್ತಿ.

ಬೈಲಹೊಂಗಲದ ನಮ್ಮ ಚರ್ಚಿನ ಸಭೆ ಎಂದರೆ ಹದಿನೆಂಟು ಮನೆ. ಕಿತ್ತೂರು, ಸವದತ್ತಿ, ರಾಮದುರ್ಗ ಸೇರಿಸಿದರೂ ಕ್ರೈಸ್ತರ ಮನೆಗಳು ಬಹಳೇನಿಲ್ಲ. ಹೆಣ್ಣು ಗಂಡು ಹುಡುಕುವುದೆಲ್ಲ ಇಷ್ಟರಲ್ಲೇ. ಹಾಗಾಗಿ ಗಂಡಿನ ಕಡೆಯವರು ಹೆಣ್ಣಿನ ಮನೆಗೆ ಬರುವ ಮೊದಲು ಅದೇ ಸಭೆಯ ಹಿರಿಯ ಹೆಂಗಸೊಬ್ಬಳ ಮನೆಗೆ ಬಂದು, ಚಹಾ ಕುಡಿಯುತ್ತ, ಹುಡುಗಿ ಹೇಗೆ ಎಂದು ಕೇಳುವುದು ರೂಢಿ. ನಮ್ಮ ಸಭೆಯಲ್ಲಿ ಆ ಹೆಂಗಸು ನಾನು. ಮೂವತ್ತೈದು ವರ್ಷ ಮಕ್ಕಳಿಗೆ ಪಾಠ ಹೇಳಿದ ಸಾಲಿ ಅಕ್ಕೋರು ಸುಮ್ಮನೆ ಏನೂ ಹೇಳುವುದಿಲ್ಲ ಎಂದು ಜನ ನಂಬುತ್ತಾರೆ.

ಹೋದ ಬೇಸಿಗೆಯಲ್ಲಿ ರಾಮದುರ್ಗದಿಂದ ಒಬ್ಬ ಗಂಡಿನ ಸೋದರತ್ತೆ ಬಂದರು. ಕೇಳಿದ್ದು ನಮ್ಮ ಹಿಂದಿನ ಓಣಿಯ ಹುಡುಗಿಯ ಬಗ್ಗೆ. ನನ್ನನ್ನು ದೊಡ್ಡವ್ವ ಎನ್ನುತ್ತ ನನ್ನ ಕಣ್ಣೆದುರೇ ಬೆಳೆದವಳು. ಆದರೆ ಅದಕ್ಕೆ ಮುಂಚಿನ ಕ್ರಿಸ್‌ಮಸ್‌ನಲ್ಲಿ ಅವಳ ತಾಯಿ, ಸ್ತ್ರೀಸಮಾಜದವರೆಲ್ಲರ ಮುಂದೆ, ಅಕ್ಕನ ಧ್ವನಿ ಈಗ ಮೇಲೇಳುವುದಿಲ್ಲ, ಆರಾಧನೆಯಲ್ಲಿ ಗೀತೆಗಳನ್ನು ಇನ್ನು ನಮ್ಮ ಹುಡುಗಿಯೇ ಎತ್ತಿಕೊಡಲಿ ಎಂದುಬಿಟ್ಟಿದ್ದಳು. ಇಪ್ಪತ್ತೆರಡು ವರ್ಷ ನಾನು ಎತ್ತಿಕೊಟ್ಟ ಗೀತೆಗಳು! ಮೈಯೆಲ್ಲ ಉರಿದುಹೋಗಿತ್ತು. ನಾಲ್ಕು ತಿಂಗಳಾದರೂ ಆ ಉರಿ ಆರಿರಲಿಲ್ಲ.

“ಹುಡುಗಿ ಛಲೋನ ಅದಾಳ್ರಿ,” ಎಂದೆ. “ಸಣ್ಣಾಕಿ ಇದ್ದಾಗ ಒಮ್ಮೆ ಫಿಟ್ಸ್ ಬಂದಿತ್ತು. ಈಗೇನಿಲ್ಲ ಬಿಡ್ರಿ.”

ಬಂದದ್ದು ನಿಜ. ಎರಡು ವರ್ಷದ ಕೂಸಿಗೆ ಜ್ವರ ನೆತ್ತಿಗೇರಿ ಕೈಕಾಲು ಸೆಟೆದುಕೊಂಡಾಗ ಎತ್ತಿಕೊಂಡು ದವಾಖಾನೆಗೆ ಓಡಿದವಳು ನಾನೇ. ಬಂದದ್ದು ಜ್ವರಕ್ಕೆ, ಮತ್ತೆಂದೂ ಬರಲಿಲ್ಲ. ಜ್ವರ ಎನ್ನುವ ಆ ಒಂದು ಮಾತನ್ನು ನುಂಗಿಕೊಂಡೆ, ಬೇಕಂತಲೇ. ಆ ಹೆಂಗಸು ಅರ್ಧ ಚಹಾ ಬಿಟ್ಟು ಕಪ್ಪು ಕೆಳಗಿಟ್ಟಾಗಲೇ, ಅದನ್ನು ಮೂರ್ಛೆರೋಗ ಎಂದುಕೊಂಡರೆಂದು ನನಗೆ ತಿಳಿಯಿತು. ಆದರೂ ಬಾಯಿ ಬಿಡಲಿಲ್ಲ. ವಾರದೊಳಗೆ ರಾಮದುರ್ಗದವರು, ಈ ವರ್ಷ ಮದುವೆ ಮಾಡುವುದಿಲ್ಲ ಎಂದು ಹೇಳಿ ಕಳಿಸಿದರು.

ಅಲ್ಲಿಂದ ನನ್ನ ನೆಮ್ಮದಿ ಹಾಳಾಯಿತು. ಫೋನ್ ಬಂದರೆ ಯಾರದೆಂದು ಎರಡು ಸಲ ನೋಡಿ ಎತ್ತುತ್ತಿದ್ದೆ. ಬಾಗಿಲು ಬಡಿದರೆ ಆ ತಾಯಿಯೇ ಇರಬೇಕು ಎನ್ನಿಸುತ್ತಿತ್ತು. ರಾಮದುರ್ಗಕ್ಕೆ ಹೋಗಿಬಂದವರು ಯಾರೇ ಸಿಗಲಿ, ಏನಾದರೂ ಕೇಳಿಕೊಂಡು ಬಂದಿದ್ದಾರೇನೋ ಎಂದು ಅವರ ಮುಖವನ್ನೇ ನೋಡುತ್ತಿದ್ದೆ. ಗುರುವಾರದ ಪ್ರಾರ್ಥನಾ ಕೂಟದಲ್ಲಿ ಆ ತಾಯಿ ನನ್ನತ್ತ ತಿರುಗಿ, ನಮ್ಮ ಹುಡುಗಿಗಾಗಿ ನೀವೇ ಪ್ರಾರ್ಥಿಸಿರಿ ಎಂದಳು. ಪ್ರಾರ್ಥಿಸಿದೆ. ಮಾತುಗಳು ಸರಾಗವಾಗಿ ಬಂದವು, ಕೇಳಿದ ಇಬ್ಬರು ಕಣ್ಣೊರೆಸಿಕೊಂಡರು. ಥೂ, ಇದೂ ಒಂದು ಬಾಯಿಯೇ ಎಂದು ಮನೆಗೆ ಬಂದು ಅತ್ತುಬಿಟ್ಟೆ.

ದೇವರ ಹತ್ತಿರ ದಿನಾ ಹೇಳಿಕೊಂಡೆ. ದೇವರಿಗೆ ಹೇಳುವುದು ಸುಲಭ. ಆತ ಓಣಿಯಲ್ಲಿ ಎದುರಾಗಿ, ಯಾಕೆ ಹೀಗೆ ಮಾಡಿದೆ ಎಂದು ಕೇಳುವುದಿಲ್ಲ. ಆತನ ಕರುಣೆಗೆ ಕೊನೆಯಿಲ್ಲ ಎಂದು ಸಂಡೇ ಸ್ಕೂಲಿನ ಮಕ್ಕಳಿಗೆ ನಾನೇ ಕಲಿಸಿದವಳು. ಈಗ ಅದೇ ಕರುಣೆಯ ಮರೆಯಲ್ಲಿ ಅಡಗಿ ಕೂತಿದ್ದೇನೆ ಎನ್ನಿಸಿ ಹೆದರಿಕೆಯಾಗುತ್ತಿತ್ತು. ಈ ನಡುವೆ ನಾಲ್ಕು ಸಲ ಪ್ರಭು ಭೋಜನ ತೆಗೆದುಕೊಂಡಿದ್ದೆ. ತಿಂಗಳಿಗೊಮ್ಮೆ ಕೊಡುವ ಆ ರೊಟ್ಟಿ, ದ್ರಾಕ್ಷಾರಸ ತಪ್ಪು ಬಚ್ಚಿಟ್ಟುಕೊಂಡವರಿಗಲ್ಲ.

ಪ್ರಭು ಭೋಜನದ ಹಿಂದಿನ ಸಂಜೆ ನಮ್ಮಲ್ಲಿ ಸಿದ್ಧತೆಯ ಆರಾಧನೆ ಇರುತ್ತದೆ. ಧಾರವಾಡದಿಂದ ಬಸ್ಸಿನಲ್ಲಿ ಬರುವ ಸಭಾಪಾಲಕರು ಯಾವಾಗಲೂ ಹೇಳುವುದನ್ನೇ ಐದನೆಯ ತಿಂಗಳೂ ಹೇಳಿದರು: ಯಾರ ಮನಸ್ಸನ್ನಾದರೂ ನೋಯಿಸಿದ್ದರೆ ಇವತ್ತೇ ಹೋಗಿ ಸರಿಮಾಡಿಕೊಂಡು ನಾಳೆ ಬನ್ನಿರಿ. ಆರಾಧನೆ ಮುಗಿದದ್ದೇ ಚಪ್ಪಲಿ ಮೆಟ್ಟಿಕೊಂಡು ಅವರ ಮನೆಯ ದಾರಿ ಹಿಡಿದೆ. ನಡುವೆ ಎರಡು ಸಲ ಹಿಂದಕ್ಕೆ ತಿರುಗಿದ್ದೂ ಉಂಟು.

ತಾಯಿ ಪಡಸಾಲೆಯಲ್ಲಿ ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಕೂತಿದ್ದಳು. ನಿಂತಲ್ಲೇ ಎಲ್ಲ ಹೇಳಿದೆ. ಅವಳು ತಲೆ ಎತ್ತಲಿಲ್ಲ.

“ಗೊತ್ತೈತಿ ಅಕ್ಕಾ,” ಎಂದಳು. “ರಾಮದುರ್ಗದವರ ಕಡಿಂದ ಆ ವಾರಾನ ಗೊತ್ತಾಗೇತಿ. ನೀವು ಬರ್ತೀರಿ ಅಂತ ಐದು ತಿಂಗಳಾತು ಹಾದಿ ಕಾಯಾಕತ್ತೇನಿ.”

ಅಂದರೆ ಗೊತ್ತಿದ್ದೇ ನನ್ನಿಂದ ಪ್ರಾರ್ಥನೆ ಮಾಡಿಸಿದ್ದಳು. ಸೋಮವಾರವೇ ರಾಮದುರ್ಗಕ್ಕೆ ಹೋಗಿ ಇದ್ದದ್ದನ್ನು ಹೇಳಿಬರುತ್ತೇನೆ ಎಂದೆ. ಬೇಡ, ಜ್ವರಕ್ಕೆ ಬಂದದ್ದೆಂದು ನಾನು ಹೇಳಿದರೂ ಹೆತ್ತವಳ ಮಾತೆಂದು ನಂಬಲಿಲ್ಲ, ಈಗ ಆ ಹುಡುಗನಿಗೆ ಬೇರೆ ಕಡೆ ನಿಶ್ಚಯವಾಗಿದೆ ಎಂದಳು. ನಿಮ್ಮನ್ನು ಕ್ಷಮಿಸಲು ನನಗೆ ಬಹಳ ದಿನ ಹಿಡಿಯಿತು, ಆದರೆ ಕ್ಷಮಿಸಿದ್ದೇನೆ ಎಂದೂ ಹೇಳಿದಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, “ಆಕಿ ನಿಮ್ಮನ್ನ ಭಾಳ ಹಚ್ಕೊಂಡಾಳ. ಅದಕ್ಕ ಆಕಿಗೆ ನಾ ಏನೂ ಹೇಳಿಲ್ಲ. ಒಳಗ ಹೋಗಿ ನೀವ ಹೇಳ್ರಿ,” ಎಂದಳು.

ಹುಡುಗಿ ಒಳಗೆ ಒಣಗಿದ ಬಟ್ಟೆ ಮಡಚುತ್ತಿದ್ದಳು. ತೀರ ಸೊರಗಿದ್ದಳು. ಅವಳಿಗೂ ಹೇಳಿದೆ, ಒಂದು ಮಾತನ್ನೂ ಬಿಡದೆ. ಬೈಯಲಿ, ಎದ್ದು ಹೋಗು ಎನ್ನಲಿ ಎಂದು ಕಾದೆ. ಅವಳು ಕೈಯಲ್ಲಿದ್ದ ಬಟ್ಟೆಯನ್ನು ಮಡಚಿ ಕೆಳಗಿಟ್ಟಳು.

“ದೊಡ್ಡವ್ವ, ನಾ ಏನ್ ಪಾಪ ಮಾಡೇನಿ ಅಂತ ಶುಕ್ರವಾರಕ್ಕೊಮ್ಮೆ ಉಪವಾಸ ಕುಂತು ದೇವರನ್ನ ಕೇಳಾಕತ್ತಿದ್ದೆ,” ಎಂದಳು. “ಹಂಗಾರ ನಂದೇನೂ ತಪ್ಪಿಲ್ಲಲ್ಲ?”

“ಇಲ್ಲವ್ವಾ. ನಿಂದೇನೂ ಇಲ್ಲ.”

“ಇನ್ನೊಮ್ಮೆ ಹೇಳು,” ಎಂದಳು, ಅಳುತ್ತ. ಇನ್ನೊಮ್ಮೆ ಹೇಳಿದೆ.