ಹಳೇ ಬಟ್ಟೆಗೆ ಸುಂಕವಿಲ್ಲ

ಅವಳನ್ನು ಅಂಚೆ ಕಚೇರಿಯವರು, ಬೀದಿಯ ಜನ, ಕೊನೆಗೆ ಕಟ್ಟಿಕೊಂಡ ಗಂಡ ಕೂಡ ಸುಂಕದಕ್ಕ ಎಂದೇ ಕರೆಯುವುದು. ಹೊರದೇಶದಿಂದ ಬಂದ ಪಾರ್ಸೆಲ್ಲುಗಳನ್ನು ಮನೆಮನೆಗೆ ತಲುಪಿಸಿ, ಅವುಗಳ ಮೇಲೆ ಕಸ್ಟಮ್ಸಿನವರು ಹಾಕಿದ ಸುಂಕವನ್ನು ಬಾಗಿಲಲ್ಲೇ ವಸೂಲಿ ಮಾಡುವುದು ಅವಳ ಕೆಲಸ. ನಾನು ಅವಳ ವ್ಯಾನಿನ ಡ್ರೈವರ್. ನನಗೆ ಅವಳಿಟ್ಟ ಹೆಸರು ಹಾರ್ನು. ಗಾಡಿಯ ಹಾರ್ನಿಗಿಂತ ನನ್ನ ಬಾಯಿಯೇ ಜೋರು ಎಂಬುದು ಅವಳ ದೂರು. ಸುಳ್ಳೇನಲ್ಲ ಬಿಡಿ.

ಈ ಕೆಲಸದಲ್ಲಿ ಬೈಗುಳ ತಿನ್ನದ ದಿನವಿಲ್ಲ. ಜನ ಕೂತಲ್ಲೇ ಮೊಬೈಲಿನ ಮೇಲೆ ಬೆರಳಾಡಿಸಿ ಸಮುದ್ರದಾಚೆಯಿಂದ ಬೂಟು, ಗಡಿಯಾರ, ಕಾಫಿ ಯಂತ್ರ ತರಿಸಿಕೊಳ್ಳುತ್ತಾರೆ. ಅಲ್ಲಿ ಅರ್ಧ ಬೆಲೆಗೆ ಸಿಕ್ಕಿತು ಎಂದು ನೆಂಟರ ಮುಂದೆಲ್ಲ ಬೀಗುತ್ತಾರೆ. ಆಮೇಲೆ ಇವಳು ಬಾಗಿಲು ತಟ್ಟಿ, ಸುಂಕ ಇಷ್ಟು, ಅಂಚೆಯ ಶುಲ್ಕ ಇಷ್ಟು ಎಂದರೆ, ಇವಳೇ ದಾರಿಗೆ ಅಡ್ಡ ನಿಂತು ದೋಚುತ್ತಿದ್ದಾಳೇನೋ ಅನ್ನುವ ಹಾಗೆ ಮೈಮೇಲೆ ಬೀಳುತ್ತಾರೆ. "ಇದರಲ್ಲಿ ನಿನ್ನ ಪಾಲು ಎಷ್ಟು?" ಎಂದು ಒಬ್ಬ ಹಲ್ಲಿನ ಡಾಕ್ಟರು ಕೇಳಿದ. ನನಗೆ ಪಿತ್ತ ನೆತ್ತಿಗೇರಿ ತೋಳೇರಿಸಿದೆ. ಅವಳು ಮಾತ್ರ ತಣ್ಣಗೆ, "ನನ್ನ ಪಾಲು ಮಂಡಿನೋವು ಸರ್, ನಿಮ್ಮ ಲಿಫ್ಟ್ ಕೆಟ್ಟಿದೆ," ಅಂದಳು. ಅವನು ಪೆಚ್ಚಾಗಿ ಪರ್ಸು ತೆಗೆದ.

ಅವಳದು ಅವಳದೇ ಪದ್ಧತಿ. ರಸೀದಿ ಹರಿದು ಕೊಡುವವರೆಗೂ ಪಾರ್ಸೆಲ್ಲು ಅವಳ ಎಡ ಕಂಕುಳು ಬಿಟ್ಟು ಅಲ್ಲಾಡುವುದಿಲ್ಲ. ಯಾರ ಪರವಾಗಿಯೂ ಸ್ವಂತ ದುಡ್ಡು ಹಾಕುವುದಿಲ್ಲ. ಆದರೆ ಕಟ್ಟಬೇಕಾಗಿಲ್ಲದ ಸುಂಕವನ್ನು ಯಾರಾದರೂ ಕಟ್ಟಲು ಹೊರಟರೆ ಅವಳಿಗೆ ಹೊಟ್ಟೆ ಉರಿಯುತ್ತದೆ. ಇದಕ್ಕೆ ವಿನಾಯಿತಿ ಇದೆ, ಹೀಗೆ ಬರೆದು ಸಹಿ ಹಾಕಿ ಎಂದು ಹೇಳಿಕೊಟ್ಟೇ ಬರುತ್ತಾಳೆ. ನೀನು ಯಾರ ಕಡೆಯವಳು ಎಂದು ಮೇಲಿನವರು ಅದಕ್ಕೂ ಬೈಯುತ್ತಾರೆ. ಸುಂಕದ ವಿಷಯದಲ್ಲಿ ನನ್ನ ಬಾಯಲ್ಲಿ ಸುಳ್ಳು ಬರೋದಿಲ್ಲ, ಬೇರೆ ವಿಷಯ ಕೇಳಿ ಬೇಕಾದರೆ, ಎಂದು ಇವಳು ನಗುತ್ತಾಳೆ.

ಆ ಪಾರ್ಸೆಲ್ಲು ನೋಡಲು ದಿಂಬಿನ ಹಾಗಿತ್ತು. ಎಲ್ಲಿಯದೋ ಬಂದರಿನಿಂದ ಬಂದಿತ್ತು. ಕಳುಹಿಸಿದವನು ಮಗ, ಪಡೆಯಬೇಕಾದವಳು ತಾಯಿ. ಒಳಗಿರುವುದು ಹೊಸ ಬಟ್ಟೆ, ಉಡುಗೊರೆ ಎಂದು ಬರೆದು ಮುಂದೆ ಭಾರೀ ಬೆಲೆ ಹಾಕಿದ್ದರು. ಕಸ್ಟಮ್ಸಿನವರು ಮೂಲೆಯಲ್ಲಿ ಸೀಳಿ, ಒಳಗೆ ಕೈಯಾಡಿಸಿ, ಟೇಪು ಅಂಟಿಸಿ, ಬರೆದ ಬೆಲೆಗೇ ಸುಂಕ ಜಡಿದಿದ್ದರು. ಅಷ್ಟು ಸುಂಕಕ್ಕೆ ಬೈಗುಳವೂ ಅಷ್ಟೇ ದೊಡ್ಡದು ಬರುತ್ತದೆಂದು ಲೆಕ್ಕ ಹಾಕಿ, ನಾನೂ ಅವಳ ಜೊತೆ ಮೆಟ್ಟಿಲು ಹತ್ತಿದೆ.

ಹಳೆಯ ಕಟ್ಟಡದ ಮೇಲಿನ ಮನೆ. ಮೆಟ್ಟಿಲ ಕಂಬಿಗೆ ಒದ್ದೆ ಬಟ್ಟೆ ಹರವಿದ್ದರು. ಬಾಗಿಲು ತೆರೆದದ್ದು ಸೊಸೆ. ಬೆರಳ ತುದಿಗಳಲ್ಲೆಲ್ಲ ಇಸ್ತ್ರಿಪೆಟ್ಟಿಗೆ ತಾಗಿ ಸುಟ್ಟ ಕಲೆ. ಸುಂಕದಕ್ಕ ಕಳುಹಿಸಿದವನ ಹೆಸರನ್ನು ಓದಿದ್ದೇ ತಡ, ಆ ಹುಡುಗಿಯ ಮುಖ ಬಿಳಿಚಿಕೊಂಡಿತು. ಒಳಗೊಮ್ಮೆ ತಿರುಗಿ ನೋಡಿ, ಹೊರಗೆ ಬಂದು, ಸದ್ದಾಗದಂತೆ ಬಾಗಿಲೆಳೆದು, ಮೆಟ್ಟಿಲ ಮೇಲೆ ಕುಸಿದು ಕೂತಳು.

"ಮೆಲ್ಲಗೆ ಮಾತಾಡಿ ಅಕ್ಕ. ಅವರು ತೀರಿಕೊಂಡಿದಾರೆ. ಅತ್ತೆಗೆ ಗೊತ್ತಿಲ್ಲ."

ಗಂಡ ಸರಕಿನ ಹಡಗಿನಲ್ಲಿ ಎಂಜಿನ್ ಕೆಲಸಕ್ಕಿದ್ದ. ಯಾವುದೋ ದೂರದ ಬಂದರಿನ ಆಸ್ಪತ್ರೆಯಲ್ಲಿ ಹೋಗಿಬಿಟ್ಟ. ದೇಹ ತರಿಸಲು ಆಗಲಿಲ್ಲ, ಅಲ್ಲೇ ಮಣ್ಣು ಮಾಡಿದರು. ಇತ್ತ ತಾಯಿಗೆ ಆಗಷ್ಟೇ ಹೃದಯದ ಆಪರೇಷನ್ ಆಗಿತ್ತು. ಸದ್ಯಕ್ಕೆ ಹೇಳಬೇಡಿ ಎಂದರು ಡಾಕ್ಟರು. ಆ ಸದ್ಯಕ್ಕೆ ಎನ್ನುವುದು ಮುಗಿಯಲೇ ಇಲ್ಲ. ಹಡಗು ನಡುಸಮುದ್ರದಲ್ಲಿದೆ, ಫೋನು ಸಿಗುವುದಿಲ್ಲ ಎಂದು ಸೊಸೆ ದಿನಾ ಒಂದೇ ಮಾತು ಹೇಳಿಕೊಂಡು ಬಂದಿದ್ದಳು.

"ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ಅಳ್ತೀನಿ ಅಕ್ಕ, ಅತ್ತೆಗೆ ಕೇಳಿಸಬಾರದು ಅಂತ," ಅಂದಳು. "ಹಡಗಲ್ಲಿ ಇವರ ಜೊತೆಯಿದ್ದವರು ಫೋನ್ ಮಾಡಿದ್ರು. ಸತ್ತವರ ಸಾಮಾನು ಅಂತ ಬರೆಯೋಕೆ ಕೈಯೇ ಬರಲಿಲ್ಲವಂತೆ. ಅದಕ್ಕೆ ಮಗನೇ ಅಮ್ಮನಿಗೆ ಹೊಸ ಬಟ್ಟೆ ಕಳಿಸಿದ ಹಾಗೆ ಬರೆದ್ರಂತೆ. ನಮ್ಮ ಗೆಳೆಯನ ಸಾಮಾನಿಗೆ ಪುಡಿಗಾಸು ಬೆಲೆ ಹಾಕೋದಾ ಅಂತ ದೊಡ್ಡದಾಗೇ ಹಾಕಿದ್ರಂತೆ."

ಹಡಗಿನವರ ಪ್ರೀತಿ ದೊಡ್ಡದು, ಒಪ್ಪಿದೆ. ಆದರೆ ಆ ಪ್ರೀತಿಗೂ ಸುಂಕ ಬಿದ್ದಿತ್ತಲ್ಲ.

"ಉಟ್ಟ ಹಳೇ ಬಟ್ಟೆಗೆ ಸುಂಕ ಇಲ್ಲ ತಂಗಿ," ಅಂದಳು ಸುಂಕದಕ್ಕ. "ಹಳೇದು ಅಂತ ಒಂದು ಸಾಲು ಬರೆದು ಸಹಿ ಹಾಕಿದ್ರೆ ಮುಗೀತು."

"ಕೊಡಿ ಅಕ್ಕ, ಹಾಕ್ತೀನಿ."

"ನಿಂದು ನಡೆಯಲ್ಲ. ಸುಂಕ ಕಟ್ಟಿ ಬಿಡಿಸ್ಕೊಳ್ಳೋಕೆ ಮನೆಯವರು ಯಾರಾದ್ರೂ ಆಗುತ್ತೆ. ವಿನಾಯಿತಿ ಕೇಳೋಕೆ ವಿಳಾಸದಲ್ಲಿ ಹೆಸರಿರೋರೇ ಆಗಬೇಕು."

ಒಳಗಿನಿಂದ ಮುದುಕಿಯ ದನಿ ಬಂತು. "ಯಾರೇ ಅದು?"

"ಯಾರಿಲ್ಲ ಅತ್ತೆ, ಕರೆಂಟ್ ಬಿಲ್ಲಿನವರು!" ಎಂದು ಕೂಗಿ, ಹುಡುಗಿ ನಮ್ಮತ್ತ ತಿರುಗಿ ಪಿಸುಗುಟ್ಟಿದಳು. "ಒಳಗಿರೋದೆಲ್ಲ ಹಳೇದು ಅಂತ ಗೊತ್ತಾದ್ರೆ ಅತ್ತೆಗೆ ಎಲ್ಲಾ ಗೊತ್ತಾಗುತ್ತೆ ಅಕ್ಕ. ನಾನು ದುಡ್ಡೇ ಕಟ್ತೀನಿ. ಸ್ವಲ್ಪ ಟೈಮ್ ಕೊಡಿ."

ಶುಕ್ರವಾರದವರೆಗೆ ಇಟ್ಟುಕೊಳ್ಳಬಹುದಿತ್ತು. ಅಂದು ಸಂಜೆ ವಾಪಸಿನ ಚೀಲಕ್ಕೆ ಸೀಲು ಬಿದ್ದರೆ ಪಾರ್ಸೆಲ್ಲು ಬಂದ ದಾರಿಯಲ್ಲೇ ಹೊರಟುಹೋಗುತ್ತದೆ. ಅಲ್ಲಿ ಅದನ್ನು ಇಸಿದುಕೊಳ್ಳಲು ಯಾರಿದ್ದಾರೆ? ಹಡಗು ಎಂದೋ ಬಂದರು ಬಿಟ್ಟಿದೆ. ಯಾವುದೋ ಗೋದಾಮಿನಲ್ಲಿ ಬಿದ್ದಿದ್ದು, ಕೊನೆಗೆ ಸುಡುವ ರಾಶಿಗೆ ಸೇರುತ್ತದೆ. ಅವನದು ಎಂದು ಆ ಮನೆಗೆ ಬರಲು ಉಳಿದಿದ್ದದ್ದು ಅದೊಂದೇ.

ವ್ಯಾನು ಹತ್ತಿದ್ದೇ ನಾನು ಶುರು ಹಚ್ಚಿಕೊಂಡೆ. "ಒಂದೇ ಒಂದು ಸಲ ನೀನು ಹಾಕಿದ್ರೆ ಏನು ಗಂಟು ಹೋಗುತ್ತಕ್ಕ? ನಾನೂ ಅರ್ಧ ಕೊಡ್ತೀನಿ."

"ಆ ದುಡ್ಡು ಸುಂಕಕ್ಕೆ ಹೋಗಲ್ಲ ಕಣೋ, ಆ ಸುಳ್ಳಿಗೆ ಹೋಗುತ್ತೆ. ಹಾಕಬೇಕೋ ಬೇಡವೋ ಅನ್ನೋದು ಆ ಮನೆಯವರಿಗೆ ಬಿಟ್ಟಿದ್ದು. ನಾನ್ಯಾರು?"

ಕಲ್ಲುಮನಸ್ಸಿನವಳು ಎಂದು ಬಾಯಿಬಿಟ್ಟೇ ಅಂದೆ. ಆದರೆ ವಾರವಿಡೀ ಆ ಪಾರ್ಸೆಲ್ಲನ್ನು ವ್ಯಾನಿನ ಹಿಂಭಾಗದ ರಾಶಿಗೆ ಹಾಕದೆ, ತನ್ನ ಸೀಟಿನ ಪಕ್ಕದಲ್ಲೇ ಇಟ್ಟುಕೊಂಡು ತಿರುಗಿದಳು.

ಶುಕ್ರವಾರ ಆ ಮನೆಯನ್ನು ಕೊನೆಗೆ ಉಳಿಸಿಕೊಂಡೆವು. ಸೊಸೆ ಹೋಟೆಲಿನ ಇಸ್ತ್ರಿ ಕೆಲಸದಲ್ಲಿ ಮುಂಗಡ ಕೇಳಿದ್ದಳು. ಮೂರು ಗಂಟೆಗೆಲ್ಲ ದುಡ್ಡು ಹಿಡಿದು ಬಾಗಿಲಲ್ಲೇ ನಿಂತಿರುತ್ತೇನೆ, ಬಾಗಿಲು ಮಾತ್ರ ತಟ್ಟಬೇಡಿ ಎಂದು ಫೋನು ಮಾಡಿದ್ದಳು. ನಾವು ಹೋದಾಗ ಬಾಗಿಲಲ್ಲಿ ಅವಳಿರಲಿಲ್ಲ. ಫೋನು ಮಾಡಿದರೆ ಎತ್ತಲಿಲ್ಲ. ಕಾದೆವು. ಮೂರೂವರೆ ದಾಟಿತು. ಕಚೇರಿಯಲ್ಲಿ ಚೀಲಕ್ಕೆ ಸೀಲು ಹಾಕುವ ಹೊತ್ತು ಹತ್ತಿರವಾಗುತ್ತಿತ್ತು, ರಸ್ತೆಯಲ್ಲಿ ಗಾಡಿಗಳ ಸಾಲು ಬೆಳೆಯುತ್ತಿತ್ತು. ನನಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. "ಸದ್ದು ಮಾಡಬೇಡ್ವೋ," ಎಂದು ಸುಂಕದಕ್ಕ ಹಲ್ಲು ಕಚ್ಚಿ ಹೇಳುವಷ್ಟರಲ್ಲಿ ನನ್ನ ಕಾಲು ತಾಗಿ ಬಾಗಿಲ ಬಳಿಯಿದ್ದ ಖಾಲಿ ಬಕೆಟ್ಟು ಉರುಳಿತು.

ಬಾಗಿಲು ತೆರೆಯಿತು. ಮುದುಕಿ ನಿಂತಿದ್ದಳು. ಒಂದು ಕೈ ಎದೆಯ ಮೇಲೆ, ಇನ್ನೊಂದರಲ್ಲಿ ಅರ್ಧ ಹೊಲಿದ ಚಿಕ್ಕ ಅಂಗಿ. ಹರಿದದ್ದನ್ನು ಹೊಲಿದುಕೊಡುವುದೇ ಅವಳ ಕಸುಬಾಗಿತ್ತು ಎಂಬುದು ಕೋಣೆ ನೋಡಿದರೆ ತಿಳಿಯುತ್ತಿತ್ತು. ಕಿಟಕಿಯ ಕೆಳಗೆ ಹೊಲಿಗೆ ಯಂತ್ರ, ಸುತ್ತ ಬಟ್ಟೆಯ ಗಂಟುಗಳು.

"ಆಮೇಲೆ ಬರ್ತೀವಿ ಅಮ್ಮ," ಎಂದು ಸುಂಕದಕ್ಕ ಹೆಜ್ಜೆ ಹಿಂದಿಟ್ಟಳು. ಆದರೆ ಮುದುಕಿಯ ಕಣ್ಣು ಆಗಲೇ ಅವಳ ಕಂಕುಳಿಗೆ ಬಿದ್ದಿತ್ತು.

"ನಿಲ್ಲು ನಿಲ್ಲು. ಅದು ನನ್ನ ಮಗನ ಹೆಸರಲ್ವಾ?"

ಮುದುಕಿಯ ಮುಖ ಅರಳಿಬಿಟ್ಟಿತು. "ನೋಡು ಕಳ್ಳನ್ನ! ಫೋನ್ ಮಾಡೋಕೆ ಪುರುಸೊತ್ತಿಲ್ಲ, ಪಾರ್ಸೆಲ್ ಕಳಿಸೋಕೆ ಪುರುಸೊತ್ತಿದೆ. ಬನ್ನಿ, ಒಳಗೆ ಬನ್ನಿ, ಬಿಸಿಲಲ್ಲಿ ಬಂದಿದೀರ. ಏನಿದೆಯಂತೆ ಅದರಲ್ಲಿ?"

"ಹೊಸ ಬಟ್ಟೆ ಅಂತ ಬರೆದಿದೆ ಅಮ್ಮ. ಸುಂಕ ಕಟ್ಟಬೇಕು. ನಿಮ್ಮ ಸೊಸೆ ತರ್ತಿದಾರೆ."

ಎಷ್ಟು ಎಂದು ಕೇಳಿ ತಿಳಿದುಕೊಂಡ ಮುದುಕಿ ಹಣೆ ಚಚ್ಚಿಕೊಂಡಳು. "ಅಷ್ಟು ದುಡ್ಡಿಗೆ ನಾನು ಇಡೀ ಹಡಗಿಗೆ ಅಂಗಿ ಹೊಲಿದು ಕೊಡ್ತಿದ್ದೆ! ಬುದ್ಧಿ ಬೇಡವಾ ಅವನಿಗೆ? ಬರಲಿ, ಕಿವಿ ಹಿಂಡ್ತೀನಿ." ಬೈಯುತ್ತಲೇ ಹೊಲಿಗೆ ಯಂತ್ರದ ಮುಂದೆ ಕೂತು, ಅಂಗಿ ಪಕ್ಕಕ್ಕಿಟ್ಟು ಎರಡೂ ಕೈ ಚಾಚಿದಳು. "ಒಂಚೂರು ಕೊಡು ತಾಯಿ. ಬಿಚ್ಚಲ್ಲ. ಸುಮ್ಮನೆ ಮುಟ್ಟಿ ಕೊಡ್ತೀನಿ."

ರಸೀದಿಯಿಲ್ಲದೆ ಪಾರ್ಸೆಲ್ಲು ಅವಳ ಕಂಕುಳು ಬಿಟ್ಟದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಸುಂಕದಕ್ಕ ಬಗ್ಗಿ ಅದನ್ನು ಮುದುಕಿಯ ಮಡಿಲಲ್ಲಿಟ್ಟಳು.

ಮುದುಕಿ ಅದನ್ನು ಸವರಿದಳು, ಮೆಲ್ಲಗೆ ಒತ್ತಿದಳು. ಮೂಲೆಯ ಟೇಪು ಎದ್ದುಕೊಂಡಿತ್ತು. ಅಲ್ಲಿಂದ ನೀಲಿ ಬಟ್ಟೆಯ ಚುಂಗೊಂದು ಇಣುಕುತ್ತಿತ್ತು. ಬೆರಳು ತೂರಿಸಿ ಎಳೆದಳು. ಅಂಗಿಯ ಕಾಲರ್ ಹೊರಗೆ ಬಂತು. ಕನ್ನಡಕ ಸರಿಪಡಿಸಿಕೊಂಡು ನೋಡಿ ಕಿಲಕಿಲ ನಕ್ಕಳು.

"ಇದು ಹೊಸದಾ? ಸವೆದುಹೋಗಿದೆ ಅಂತ ಈ ಕಾಲರನ್ನ ತಿರುಗಿಸಿ ಹೊಲಿದವಳು ನಾನೇ! ನೀಲಿ ದಾರ ಸಾಲದೆ ಈ ತುದಿಗೆ ಕಪ್ಪು ಹಾಕಿದ್ದೆ, ನೋಡಿಲ್ಲಿ. ಯಾವ ಪೆದ್ದ ಇದನ್ನ ಹೊಸದು ಅಂತ ಬರೆದ? ಅಲ್ಲಮ್ಮ, ಹಳೇ ಬಟ್ಟೆಗೂ ಸುಂಕ ಕಟ್ಟಬೇಕಾ?"

ಹೌದು ಅನ್ನು, ಹೌದು ಅಂದುಬಿಡು ಎಂದು ನಾನು ಒಳಗೊಳಗೇ ಸುಂಕದಕ್ಕನ ಕಾಲಿಗೆ ಬಿದ್ದೆ. ಒಂದೇ ಒಂದು ಮಾತು. ಸೊಸೆ ಬಂದು ದುಡ್ಡು ಕಟ್ಟುತ್ತಾಳೆ, ಮಗ ನಡುಸಮುದ್ರದಲ್ಲಿ ಬದುಕಿರುತ್ತಾನೆ. ಸುಂಕದಕ್ಕ ಬಾಯಿ ತೆರೆದಳು, ಮುಚ್ಚಿದಳು.

"ಇಲ್ಲ ಅಮ್ಮ. ಹಳೇ ಬಟ್ಟೆಗೆ ಸುಂಕ ಇಲ್ಲ."

"ಮತ್ತೆ? ಹಳೇದು ಅಂತಲೇ ಬರಿ. ಸಹಿ ಬೇಕಾ, ನಾನೇ ಹಾಕ್ತೀನಿ. ಪಾಪ, ಆ ಹುಡುಗಿ ಎಲ್ಲಿಂದ ತರ್ತಾಳೆ ಅಷ್ಟು ದುಡ್ಡು!" ದುಡ್ಡು ಉಳಿದ ಖುಷಿಯಲ್ಲಿ ಮುದುಕಿ ಸೀಳಿನೊಳಗೆ ಪೂರಾ ಕೈ ತೂರಿಸಿದಳು. "ಇದು ಅವನ ಸ್ವೆಟರು. ಮೊಣಕೈಗೆ ತೇಪೆ ಹಾಕಿದ್ದು ನಾನೇ. ಇದು ಕೆಲಸದ ಪ್ಯಾಂಟು. ಇದು ಟೋಪಿ." ಬರಬರುತ್ತ ಕೈ ನಿಧಾನವಾಯಿತು. "ಇದೂ ಹಳೇದೇ... ಇದೂ."

ಕೈ ಅಲ್ಲೇ ನಿಂತಿತು.

"ಇದ್ದಬದ್ದದ್ದೆಲ್ಲ ಇಲ್ಲಿಗೆ ಕಳಿಸಿದ್ರೆ," ಅಂದಳು ಮುದುಕಿ, "ಅಲ್ಲಿ ಅವನು ಏನು ಹಾಕ್ಕೋತಾನೆ?"

ನಾನು ನೆಲ ನೋಡಿದೆ. ಸುಂಕದಕ್ಕ ನೆಲ ನೋಡಲಿಲ್ಲ, ಮುದುಕಿಯ ಮುಖವನ್ನೇ ನೋಡಿದಳು. ಸುಂಕದಕ್ಕನ ಕಣ್ಣು ತುಂಬಿಕೊಂಡಿತ್ತು. ಅದನ್ನು ಒರೆಸಿಕೊಳ್ಳಲೂ ಇಲ್ಲ, ಮರೆಮಾಡಲೂ ಇಲ್ಲ. ಮುದುಕಿ ಅವಳನ್ನು ಬಹಳ ಹೊತ್ತು ನೋಡಿದಳು.

ಮೆಟ್ಟಿಲ ಮೇಲೆ ದಡದಡ ಓಡಿ ಬಂದ ಸದ್ದು. ಸೊಸೆ ಬಾಗಿಲಲ್ಲಿ ನಿಂತಳು. ಏದುಸಿರು, ಮುಷ್ಟಿಯಲ್ಲಿ ನೋಟುಗಳು. ಅತ್ತೆಯ ಮಡಿಲಲ್ಲಿದ್ದ ಪಾರ್ಸೆಲ್ಲು, ಹೊರಗೆ ಬಂದಿದ್ದ ಕಾಲರ್ ಎರಡೂ ಕಂಡವು. ಅವಳು ಅಲ್ಲೇ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ದುಡ್ಡು ಒಳಗಿಡು," ಅಂದಳು ಮುದುಕಿ. ದನಿ ಬಾವಿಯೊಳಗಿಂದ ಬಂದ ಹಾಗಿತ್ತು. "ಇವಕ್ಕೆ ಸುಂಕ ಇಲ್ಲವಂತೆ."

ಆಮೇಲೆ ಸುಂಕದಕ್ಕನ ಕಡೆ ಕೈ ಚಾಚಿ ಪೆನ್ನು ಇಸಿದುಕೊಂಡಳು. ಎಲ್ಲಿ ಎಂದು ಕೇಳಿ, ತೋರಿಸಿದ ಕಡೆ ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದಳು. ಪೆನ್ನು ವಾಪಸು ಕೊಟ್ಟು, ಸೊಸೆಯ ಕೈ ಹಿಡಿದು ಹತ್ತಿರ ಎಳೆದುಕೊಂಡಳು.

"ಇಷ್ಟು ದಿನ ಒಬ್ಬಳೇ ಹೇಗೆ ಹೊತ್ಕೊಂಡಿದ್ದೆಯೇ ಇದನ್ನ?"

ನಾವು ಬಾಗಿಲೆಳೆದುಕೊಂಡು ಹೊರಗೆ ಬಂದೆವು. ಒಂದು ಮಹಡಿ ಇಳಿಯುವಷ್ಟರಲ್ಲಿ ಸುಂಕದಕ್ಕ ಮೆಟ್ಟಿಲ ಮೇಲೆ ಕೂತುಬಿಟ್ಟಳು.

"ಹೂಂ ಅನ್ನಬಹುದಿತ್ತು ಕಣೋ ಹಾರ್ನು. ಒಂದು ಸಲ ಹೂಂ ಅಂದಿದ್ರೆ ನನ್ನ ಬಾಯೇನು ಬಿದ್ದುಹೋಗ್ತಿತ್ತಾ?"

ಅವಳ ಮೇಲೆ ಸಿಟ್ಟಿತ್ತು ನನಗೆ. ಬೈಯಬೇಕೆಂದಿದ್ದವನು ಅವಳ ಪಕ್ಕ ಕೂತೆ. ಅಷ್ಟರಲ್ಲಿ ಮೇಲಿನಿಂದ ಅಳು ಕೇಳಿಸಿತು. ಎರಡು ದನಿಗಳು ಒಂದರ ಮೇಲೊಂದು ಬಿದ್ದು ಅಳುತ್ತಿದ್ದವು. ಸುಂಕದಕ್ಕ ತಲೆಯೆತ್ತಿ ಕಿವಿಗೊಟ್ಟಳು.

ನಲ್ಲಿಯ ಸದ್ದು ಇರಲಿಲ್ಲ.