ಮುತ್ಯಾ ನೆಟ್‌ವರ್ಕಿಗೆ ಸೇರಿದ ದಿನ

ಹಳೆಯ ಕಂಪ್ಯೂಟರಿನ ಸ್ವಿಚ್ ಒತ್ತಿದೊಡನೆ ಢಂ ಎನ್ನಬಹುದಿತ್ತು. ಢಂ ಎನ್ನದಿದ್ದರೆ ಹೊಗೆ ಬರಬಹುದಿತ್ತು. ಹೊಗೆಯೂ ಬರದೆ ಪರದೆ ಬೆಳಗಿ, ಹಾರ್ಡ್ ಡಿಸ್ಕ್ ಮಾತ್ರ ಕರಕರ ಎಂದು ಕೊನೆಯುಸಿರೆಳೆಯಬಹುದಿತ್ತು. ಒಳಗೆ ಇಷ್ಟು ವರ್ಷ ಮಲಗಿದ್ದ ಯಾವುದೋ ವೈರಸ್ ಎದ್ದು, ಕೇಬಲ್ ಹಿಡಿದು ನಡೆದು ನನ್ನ ಹೊಸ ಕಂಪ್ಯೂಟರನ್ನೂ, ಅಲ್ಲಿಂದ ಹೆಂಡತಿಯ ಮೊಬೈಲನ್ನೂ, ಯಾರಿಗೆ ಗೊತ್ತು, ಪಕ್ಕದ ಅಂಗಡಿಯ ತಕ್ಕಡಿಯನ್ನೂ ಕೆಡಿಸಬಹುದಿತ್ತು. ಇಷ್ಟನ್ನೂ ಹಲ್ಲುಜ್ಜುವಷ್ಟರಲ್ಲಿ ಯೋಚಿಸಿ ಮುಗಿಸಿದ್ದೆ. ಚಿಂತೆಯ ಕೆಲಸವನ್ನು ನಾಳೆಗೆಂದು ಇಟ್ಟುಕೊಂಡವನಲ್ಲ ನಾನು.

ಗಂಗಾವತಿಯಲ್ಲಿ ನನ್ನದೊಂದು ಲಗ್ನಪತ್ರಿಕೆ ಅಚ್ಚು ಹಾಕುವ ಅಂಗಡಿ. ಅದರ ಮೂಲೆಯಲ್ಲಿ ವಿಂಡೋಸ್ ತೊಂಬತ್ತೆಂಟರ ಕಂಪ್ಯೂಟರೊಂದಿದೆ. ಮನೆಮಂದಿ ಅದನ್ನು ಮುತ್ಯಾ ಎನ್ನುತ್ತಾರೆ. ಅಜ್ಜನಿಗೆ ಸಲ್ಲುವ ಗೌರವವೆಲ್ಲ ಅದಕ್ಕೆ ಸಲ್ಲುತ್ತದೆ. ಕೆಲಸ ಮಾತ್ರ ಯಾರೂ ಹೇಳುವುದಿಲ್ಲ. ಹೀಗಿರುವಾಗ ಎದುರಿನ ದರ್ಜಿ ಮಹಬೂಬಸಾಬ ಬಂದ.

"ಅಣ್ಣಾರ, ಮಗಳ ನಿಕಾ ಗೊತ್ತಾತು. ನನ್ನ ನಿಕಾದ ಕಾರ್ಡಿಗೆ ಸುತ್ತಲೂ ಬಳ್ಳಿ ಬಿಡಿಸಿದ್ರಲ್ಲ, ಅದೇ ಬೇಕಂತಾಳ ನಮ್ಮಾಕಿ. ಮನ್ಯಾಗಿನ ಕಾರ್ಡ್ ಮಳ್ಯಾಗ ತೊಯ್ದು ಹಾಳಾತ್ರಿ."

"ಅದಕ್ಕಿಂತ ಛಲೋ ಬಳ್ಳಿ ಭಾಳ ಅದಾವಲ್ಲೋ ಈಗ."

"ಛಲೋದು ಯಾರಿಗೆ ಬೇಕ್ರಿ? ಅದಿಲ್ಲಂದ್ರ ಕಾರ್ಡೇ ಬ್ಯಾಡ ಅಂದಾಳ. ಮನ್ಯಾಗ ನಾನಿರಬೇಕೋ ಬ್ಯಾಡೋ?"

ಆ ಬಳ್ಳಿ ಇರುವುದು ಮುತ್ಯಾನ ಹೊಟ್ಟೆಯಲ್ಲಿ. ಫ್ಲಾಪಿಯ ಬಾಯಿ ಎಂದೋ ಮುಚ್ಚಿದೆ, ಪೆನ್‌ಡ್ರೈವಿನ ಪರಿಚಯ ಅದಕ್ಕಿಲ್ಲ. ಉಳಿದದ್ದು ಕೇಬಲ್ ಒಂದೇ. ಆದರೆ ಮುತ್ಯಾ ಆಡುವ ಭಾಷೆಯನ್ನು ಹೊಸ ಕಂಪ್ಯೂಟರು ಕಿವಿಗೇ ಹಾಕಿಕೊಳ್ಳುವುದಿಲ್ಲ. ನಮ್ಮೂರಿನವರಿಗೆ ಇದೇನು ಹೊಸ ತೊಡಕಲ್ಲ. ಆಂಧ್ರದವರು ಬಂದು ನೆಲೆಸಿದ ಪಕ್ಕದ ಶ್ರೀರಾಮನಗರದ ರೈತ ತೆಲುಗಿನಲ್ಲಿ ದರ ಕೇಳಿ, ಅಂಗಡಿಯವ ಉರ್ದುವಿನಲ್ಲಿ ಉತ್ತರಿಸಿ, ನಡುವೆ ಕನ್ನಡದವನೊಬ್ಬ ನಿಂತು ವ್ಯಾಪಾರ ಕುದುರಿಸುವುದನ್ನು ದಿನಾ ನೋಡುತ್ತೇವೆ. ಹಾಗೆ ನಡುವೆ ನಿಲ್ಲಲು ಲಿನಕ್ಸ್ ಹಾಕಿದ ಲ್ಯಾಪ್‌ಟಾಪೊಂದನ್ನು ತಂದೆ. ಅದಕ್ಕೆ ಇಬ್ಬರ ಮಾತೂ ಬರುತ್ತದೆ. ಮರುದಿನ ಮೂರನ್ನೂ ಒಂದೇ ರೌಟರಿಗೆ ಕಟ್ಟಿ, ಕಣ್ಣು ಮುಚ್ಚಿ ಸ್ವಿಚ್ ಒತ್ತಿದೆ.

ಢಂ ಎನ್ನಲಿಲ್ಲ. ಹೊಗೆ ಇಲ್ಲ. ಹಾರ್ಡ್ ಡಿಸ್ಕ್ ಗೊಣಗುತ್ತಲೇ ಎದ್ದಿತು! ಮದುವೆ ನನ್ನದೇ ಎಂಬಂತೆ ಅಂಗಿ ಸರಿಮಾಡಿಕೊಂಡೆ. ಮಹಬೂಬಸಾಬ ಹೆಗಲ ಮೇಲಿನ ಟೇಪಿನ ತುದಿ ಕಚ್ಚಿಕೊಂಡು ನಿಂತಿದ್ದ. ರೌಟರಿನಲ್ಲಿ ಉಳಿದೆರಡರ ಹಸಿರು ದೀಪಗಳು ಮಿನುಗಿದವು. ಮುತ್ಯಾನದು ಮಾತ್ರ ಕತ್ತಲೆ. ಡ್ರೈವರ್ ಹೋಗಿದೆ, ನೆಟ್‌ವರ್ಕ್ ಕಾರ್ಡ್ ಸುಟ್ಟಿದೆ, ಬಳ್ಳಿ ಒಣಗಿದೆ ಎಂದು ನಾನು ಸರದಿಯಂತೆ ಗಾಬರಿಯಾಗುತ್ತಿರುವಾಗ ಹೆಂಡತಿ ಟಾರ್ಚ್ ಹಿಡಿದು ಮುತ್ಯಾನ ಬೆನ್ನ ಹಿಂದೆ ಬಗ್ಗಿದಳು.

"ಏನ್ರೀ, ಇದು ನನ್ನ ಊದಿನಕಡ್ಡಿ ತೂತಲ್ಲೇನು?"

ವರ್ಷಾವರ್ಷ ಆಯುಧಪೂಜೆಗೆ ಮುತ್ಯಾನಿಗೆ ವಿಭೂತಿ ಹಚ್ಚಿ, ಚೆಂಡುಹೂವು ಏರಿಸಿ, ಖಾಲಿ ಇರುವ ಆ ತೂತಿಗೇ ಅವಳು ಊದಿನಕಡ್ಡಿ ಸಿಗಿಸುವುದು. ಒಳಗೆ ಮುರಿದ ತುಂಡೊಂದು ಕುಳಿತು, ಕೇಬಲ್ ಅರ್ಧಕ್ಕೇ ನಿಂತಿತ್ತು. ಚಿಮಟದಿಂದ ಎಳೆದು, ಬೂದಿ ಊದಿ, ಮತ್ತೆ ಸಿಗಿಸಿದೆ. ಟಿಕ್! ಹಸಿರು ದೀಪ!

ಬಳ್ಳಿ ಎಲೆಎಲೆಯಾಗಿ ಹೊಸ ಪರದೆಗೆ ಬಂದಾಗ ಮಹಬೂಬಸಾಬ ನನ್ನ ಬೆನ್ನಿಗೆ ಗುದ್ದಿದ.

"ಅರೆ, ಜಿಂದಾ ಐತಲ್ರಿ! ಅಕ್ಕಾರ, ನಿಮ್ಮ ಪೂಜಿಯಿಂದ ನಮ್ಮ ಕಾರ್ಡೇ ನಿಂತಿತ್ತಲ್ರಿ!"

"ಪೂಜಿ ಮಾಡಿದ್ದಕ್ಕೇ ಇನ್ನೂ ಉಸಿರಾಡಾಕತ್ತೈತಿ, ಸುಮ್ಕಿರು" ಎಂದಳು ಹೆಂಡತಿ.

ಇಬ್ಬರದೂ ಖರೆ ಅನ್ನಿಸಿತು. ಕೆಟ್ಟದ್ದು ಒಟ್ಟು ಇಷ್ಟೇ: ಅಂಗೈಯಲ್ಲಿ ಉಗುರಿನಷ್ಟುದ್ದದ ಒಂದು ಕಡ್ಡಿ. ಮೂಸಿ ನೋಡಿದೆ, ಇನ್ನೂ ಮಲ್ಲಿಗೆಯ ವಾಸನೆ ಇತ್ತು.